ಅಂಗಳದ ಹಳದಿ ದೀಪ ಮತ್ತು ಮೃಗಶಿರ: ಹದಿಮೂರು ತಿಂಗಳು ಬಳಸಿದ ಮೇಲೆ

2024ರ ಡಿಸೆಂಬರಿನಲ್ಲಿ, ಆ ಸಾಲಿನ ಅಡಿಕೆ ಇನ್ನೂ ಅಂಗಳದಲ್ಲಿ ಹರಡಿಕೊಂಡಿದ್ದಾಗಲೇ, ನಮ್ಮ ಮನೆಯೆದುರಿನ 50 ವ್ಯಾಟಿನ ಬಿಳಿ ಫೋಕಸ್ ಲೈಟನ್ನು ಆರಿಸಿ, ಅದರ ಬದಲಿಗೆ 7 ವ್ಯಾಟಿನ, ಮೇಲಿನಿಂದ ಟೊಪ್ಪಿಯಂತೆ ತಗಡು ಮುಚ್ಚಿದ ಹಳದಿ ಬೆಳಕಿನ ಗೋಡೆದೀಪವೊಂದನ್ನು ಹಾಕಿಸಿದೆ. ಈಗ ಹದಿಮೂರು ತಿಂಗಳು ಕಳೆದಿವೆ. ಒಂದು ಇಡೀ ಮಳೆಗಾಲವನ್ನೂ ಎರಡು ಚಳಿಗಾಲಗಳನ್ನೂ ಕಂಡಿರುವುದರಿಂದ ಈ ದೀಪದ ಬಗ್ಗೆ ಧೈರ್ಯವಾಗಿ ನಾಲ್ಕು ಮಾತು ಬರೆಯಬಹುದೆನಿಸಿದೆ. ಇದೇ ಅಚ್ಚಿನ ದೀಪ ಮೂರು ನಾಲ್ಕು ಹೆಸರುಗಳಲ್ಲಿ ಅಂಗಡಿಗಳಲ್ಲಿ ಸಿಗುವುದರಿಂದ ಡಬ್ಬದ ಮೇಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೊಳ್ಳುವವರು ಏನನ್ನು ನೋಡಿ ಕೊಳ್ಳಬೇಕೆಂಬುದನ್ನು ಮಾತ್ರ ಹೇಳುತ್ತೇನೆ. ಡಬ್ಬದ ಮೇಲೆ ಇಂಗ್ಲಿಷ್, ಹಿಂದಿ, ಮಲಯಾಳಗಳಲ್ಲಿ ವಿವರಗಳಿವೆ, ಕನ್ನಡದಲ್ಲಿ ಇಲ್ಲ. ಕಾಸರಗೋಡಿನವರಿಗೆ ಇದು ಹೊಸತೇನಲ್ಲವಾದ್ದರಿಂದ ಅದಕ್ಕಾಗಿ ಅಂಕ ಕಳೆಯುತ್ತಿಲ್ಲ.

ನಮ್ಮ ಮನೆ ಕಾಸರಗೋಡಿನಿಂದ ಮೂಡಕ್ಕೆ, ಮುಳ್ಳೇರಿಯದ ಕಡೆಯ ಒಂದು ಬೈಲಿನ ಅಂಚಿನಲ್ಲಿದೆ. ಎದುರಿಗೆ ತೋಟ, ಬೆನ್ನಿಗೆ ಗುಡ್ಡೆ. ಐದು ವರ್ಷಗಳ ಹಿಂದೆ ಒಂದು ರಾತ್ರಿ ಕಾಡುಹಂದಿಗಳು ಅಂಗಳದವರೆಗೆ ಬಂದು ಒಣಹಾಕಿದ ಅಡಿಕೆಯನ್ನೆಲ್ಲ ಚೆಲ್ಲಾಡಿ ಹೋದ ಮೇಲೆ, ಅದೇ ತಿಂಗಳಲ್ಲಿ ನೆರೆಯವರೊಬ್ಬರ ಅಂಗಳದಿಂದ ಎರಡು ಗೋಣಿ ಅಡಿಕೆ ಕಾಣೆಯಾದ ಮೇಲೆ, ನಮ್ಮ ಯಜಮಾನರು ಆ ಬಿಳಿ ಲೈಟನ್ನು ಮಾಡಿನ ಮೂಲೆಗೆ ಕಟ್ಟಿಸಿದ್ದರು. ಕಾರಣ ನ್ಯಾಯವಾದದ್ದೇ. ಕಟ್ಟಿದವರು ಮಾತ್ರ ಅದನ್ನು ನೆಲದ ಕಡೆಗೆ ಬಾಗಿಸದೆ ನೇರ ಎದುರಿಗೆ, ತೋಟದ ತಲೆಯ ಮೇಲೆ ಹಾಯುವಂತೆ ತಿರುಗಿಸಿಟ್ಟರು. ಊರಿನ ಹೆಚ್ಚಿನ ಫೋಕಸ್ ಲೈಟುಗಳು ಇರುವುದೇ ಹಾಗೆ. ಅಂಥ 50 ವ್ಯಾಟಿನ ಎಲ್‌ಇಡಿಯಿಂದ ಸುಮಾರು 5000 ಲುಮೆನ್ ಬೆಳಕು ಹೊರಡುತ್ತದೆ. ಅದರಲ್ಲಿ ಅರ್ಧವೇ ನಮ್ಮ 200 ಚದರ ಮೀಟರಿನ ಅಂಗಳಕ್ಕೆ ಬಿತ್ತೆಂದು ಹಿಡಿದರೂ ಹನ್ನೆರಡೂವರೆ ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಲುಮೆನ್) ಆಯಿತು. ಹುಣ್ಣಿಮೆಯ ಚಂದ್ರ ನೆತ್ತಿಗೆ ಬಂದಾಗ ನೆಲಕ್ಕೆ ಬೀಳುವುದು ಹೆಚ್ಚೆಂದರೆ ಕಾಲು ಲಕ್ಸ್. ಅಂದರೆ ಐವತ್ತು ಹುಣ್ಣಿಮೆಗಳನ್ನು ಒಟ್ಟಿಗೆ ಅಂಗಳದಲ್ಲಿ ಸುರಿದು ನಾವು ಒಳಗೆ ಬಾಗಿಲು ಹಾಕಿ ಮಲಗುತ್ತಿದ್ದೆವು. ಉಳಿದ ಅರ್ಧ ಬೆಳಕು ತೆಂಗಿನ ಮಡಲುಗಳಿಗೂ ಆಚೆ ಗುಡ್ಡೆಗೂ ಆಕಾಶಕ್ಕೂ ಹೋಗುತ್ತಿತ್ತು.

ಅದರಿಂದ ಏನು ಕಳೆದುಹೋಗಿದೆ ಎಂಬುದನ್ನು ಮೊದಲು ಗಮನಿಸಿದವರು ಅತ್ತೆ. ಅವರಿಗೆ ಗಡಿಯಾರಕ್ಕಿಂತ ಮೊದಲೇ ಕೃತ್ತಿಕೆಯ ಪರಿಚಯವಿತ್ತು. ಅದು ಯಾವ ಮರದ ನೇರಕ್ಕೆ ಬಂದಾಗ ಎಷ್ಟು ಹೊತ್ತಾಗಿದೆಯೆಂದು ಹೇಳಬಲ್ಲರು. ಒಂದು ರಾತ್ರಿ ಹಟ್ಟಿಯಿಂದ ಬರುವಾಗ ಅಂಗಳದಲ್ಲಿ ನಿಂತು, ಮೃಗಶಿರ ಇದೆ, ಅದರ ಶಿರ ಎಲ್ಲಿ ಹೋಯಿತು ಎಂದು ಕೇಳಿದರು. ನಾನು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಂದ ವಿಜ್ಞಾನ ಪಾಠ ಮಾಡುವವಳು, ತಲೆಯೆತ್ತಿ ನೋಡಿದಾಗ ನನಗೂ ಕಾಣಲಿಲ್ಲ. ಬೇಟೆಗಾರನ ಚಿತ್ರವೆಂದು ಪಾಠಪುಸ್ತಕದಲ್ಲಿ ಬರುವ ಆ ದೊಡ್ಡ ಚೌಕಟ್ಟಿನ ನಾಲ್ಕು ಮೂಲೆಗಳೂ ನಡುವಿನ ಮೂರು ನಕ್ಷತ್ರಗಳೂ ಪ್ರಕಾಶಮಾನವಾದವು, ಪೇಟೆಯಲ್ಲಿ ನಿಂತರೂ ಕಾಣುತ್ತವೆ. ಆದರೆ ಪಂಚಾಂಗ ಹೇಳುವ ನಿಜವಾದ ಮೃಗಶಿರಾ ನಕ್ಷತ್ರವೆಂದರೆ ಆ ಚೌಕಟ್ಟಿನ ಮೇಲ್ತುದಿಯಲ್ಲಿ, ಆರ್ದ್ರೆಗಿಂತ ಸ್ವಲ್ಪ ಮೇಲೆ, ಒತ್ತಾಗಿ ಕುಳಿತ ಮೂರು ಸಣ್ಣ ಚುಕ್ಕೆಗಳು. ಅವುಗಳಲ್ಲಿ ದೊಡ್ಡದರ ಕಾಂತಿಮಾನ 3.4ರಷ್ಟು, ಉಳಿದೆರಡು 4ಕ್ಕಿಂತಲೂ ಮಂದ. ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂದ ಎಂಬುದನ್ನೂ, ಒಂದು ಮೆಟ್ಟಿಲಿಗೆ ಬೆಳಕು ಸುಮಾರು ಎರಡೂವರೆ ಪಟ್ಟು ಕುಗ್ಗುತ್ತದೆ ಎಂಬುದನ್ನೂ ನೆನಪಿಟ್ಟರೆ ಮುಂದಿನ ಲೆಕ್ಕ ಸುಲಭ. ಒಳ್ಳೆಯ ಕತ್ತಲಲ್ಲಿ ಬರಿಗಣ್ಣು 6ರವರೆಗೆ, ಕೆಲವರಿಗೆ ಇನ್ನೂ ತುಸು ಆಚೆಗೆ, ಕಾಣುತ್ತದೆ. ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರ ಮಳೆ ಹಿಡಿಯಿತೆಂದು ಹೇಳುವ ನಾವು ಆ ಹೆಸರಿನ ನಕ್ಷತ್ರವನ್ನೇ ನಮ್ಮ ಅಂಗಳದಿಂದ ಓಡಿಸಿದ್ದೆವು.

ಇನ್ನೊಂದು ಅನುಕೂಲವೂ ಇದೆ. ಕಾಸರಗೋಡಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ ಉತ್ತರ. ಮೃಗಶಿರದ ಆ ಮೂರು ಚುಕ್ಕೆಗಳು ನಮ್ಮ ನೆತ್ತಿಗೆ ಮೂರು ಡಿಗ್ರಿಯಷ್ಟು ಹತ್ತಿರದಲ್ಲಿ ಹಾಯುತ್ತವೆ. ದಿಗಂತದ ಮಬ್ಬು, ಮರದ ಅಡ್ಡಿ, ದೂರದ ಪೇಟೆಯ ಹೊಳಪು ಇವೆಲ್ಲ ಅತ್ಯಂತ ಕಡಿಮೆ ಇರುವ ಜಾಗ ನೆತ್ತಿಯೇ. ಆದ್ದರಿಂದ ಹೊಸ ದೀಪವನ್ನು ಅಳೆಯಲು ಅವುಗಳನ್ನೇ ಒರೆಗಲ್ಲಾಗಿ ಇಟ್ಟುಕೊಂಡೆ.

ಅಂಗಡಿಯಲ್ಲಿ ಈ ದೀಪವನ್ನು ಕೇಳಿದಾಗ ಅವರು ಅಟ್ಟದಿಂದ ಧೂಳು ಹಿಡಿದ ಡಬ್ಬ ಇಳಿಸಿಕೊಟ್ಟರು. "ಟೀಚರೇ, ಇದರ ಬೆಳಕು ನಿಮ್ಗೆ ಸಾಕಾಗ್ಲಿಕ್ಕಿಲ್ಲ. ಜನ ಈಗ ನೂರು ವ್ಯಾಟಿಂದು ಕೇಳುದು," ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಬಿಳಿ ಎಲ್‌ಇಡಿ ಅಗ್ಗ, ಕಣ್ಣಿಗೆ ಹೊಡೆಯುವಂತೆ ಉರಿಯುತ್ತದೆ, ಹೊಡೆಯುವುದೇ ಹೆಚ್ಚು ಬೆಳಕಿನ ಲಕ್ಷಣವೆಂದು ಎಲ್ಲರೂ ತಿಳಿದಿದ್ದಾರೆ. ಈ ದೀಪಕ್ಕೆ 780 ರೂಪಾಯಿ ಕೊಟ್ಟೆ. ಅದೇ ಅಂಗಡಿಯಲ್ಲಿ 50 ವ್ಯಾಟಿನ ಬಿಳಿ ಫೋಕಸ್ ಲೈಟು 650ಕ್ಕೆ ಇತ್ತು.

ಡಬ್ಬದ ಮೇಲೆ ನೋಡಬೇಕಾದ ಮುಖ್ಯ ಅಂಕಿ 2700ಕೆ. ಇದು ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುವ ಲೆಕ್ಕ. 2700 ಎಂದರೆ ಹಳೆಯ ತಂತಿ ಬಲ್ಬಿನ ಹಳದಿ, 6500 ಎಂದರೆ ನೀಲಿ ಬೆರೆತ ಬಿಳಿ. ಎಲ್‌ಇಡಿಯಲ್ಲಿ ಈ ವ್ಯತ್ಯಾಸ ಹುಟ್ಟುವ ಬಗೆ ಸ್ವಾರಸ್ಯಕರವಾಗಿದೆ. ನಾವು ಬಿಳಿ ಎನ್ನುವ ಎಲ್‌ಇಡಿಯ ಒಳಗಿರುವುದು ವಾಸ್ತವವಾಗಿ ನೀಲಿ ದೀಪ. ಈ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕಾಗಿಯೇ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು. ಅದರ ಮೇಲೆ ಬಳಿದ ಹಳದಿ ಲೇಪ ನೀಲಿಯ ಒಂದು ಪಾಲನ್ನು ನುಂಗಿ ಹಳದಿಯಾಗಿ ಹೊರಸೂಸುತ್ತದೆ, ಎರಡೂ ಬೆರೆತಾಗ ಕಣ್ಣಿಗೆ ಬಿಳಿಯೆನಿಸುತ್ತದೆ. 6500ರ ದೀಪದಲ್ಲಿ 450 ನ್ಯಾನೊಮೀಟರಿನ ಆಸುಪಾಸಿನ ತರಂಗಾಂತರದ ನೀಲಿ ಧಾರಾಳವಾಗಿ ಉಳಿದು ಹೊರಗೆ ಬರುತ್ತದೆ. 2700ರಲ್ಲಿ ಬಹುಪಾಲು ಲೇಪದಲ್ಲೇ ಮುಗಿಯುತ್ತದೆ. ಇದು ನಕ್ಷತ್ರ ನೋಡುವವರಿಗೆ ಏಕೆ ಮುಖ್ಯವೆಂದರೆ, ಗಾಳಿಯ ಅಣುಗಳು ಬೆಳಕನ್ನು ಚದರಿಸುವ ಪ್ರಮಾಣ ಅದರ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿದೆ. 600 ನ್ಯಾನೊಮೀಟರಿನ ಕಿತ್ತಳೆ ಬೆಳಕಿಗಿಂತ 450ರ ನೀಲಿ ಮೂರು ಪಟ್ಟಿಗೂ ಹೆಚ್ಚು ಚದರುತ್ತದೆ. ಹಗಲು ಆಕಾಶವನ್ನು ನೀಲಿ ಮಾಡುವ ನಿಯಮವೇ ರಾತ್ರಿ ನಮ್ಮ ದೀಪದ ನೀಲಿಯನ್ನು ಮೇಲಿನಿಂದ ತಿರುಗಿ ನಮ್ಮ ಕಣ್ಣಿಗೇ ಕಳಿಸುತ್ತದೆ. ರಾತ್ರಿಯ ಆಕಾಶವನ್ನು ಉಳಿಸಬೇಕೆಂದು 1988ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಡಾರ್ಕ್‌ಸ್ಕೈ ಇಂಟರ್‌ನ್ಯಾಷನಲ್ ಎಂಬ ಹೆಸರಿನಲ್ಲಿರುವ ಸಂಸ್ಥೆ, ಹೊರಗಿನ ದೀಪಗಳು 3000 ಕೆಲ್ವಿನ್ ಮೀರಬಾರದೆಂದು ಹೇಳುವುದು ಇದೇ ಕಾರಣಕ್ಕೆ.

ಬಣ್ಣಕ್ಕಿಂತಲೂ ನನಗೆ ಟೊಪ್ಪಿಯೇ ಹೆಚ್ಚು ಬೆಲೆಯುಳ್ಳದ್ದೆನಿಸಿದೆ. ಈ ದೀಪದ ಎಲ್‌ಇಡಿ ಪಟ್ಟಿ ತಗಡಿನ ಒಳಗೆ ಎರಡು ಬೆರಳಿನಷ್ಟು ಮೇಲಕ್ಕೆ ಕುಳಿತಿದೆ. ಅಂಗಳದ ಅಂಚಿನಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿ ಕುಳಿತರೆ ನೆಲದ ಮೇಲೆ ಹಳದಿ ವೃತ್ತ ಕಾಣುತ್ತದೆ, ಅದು ಹೊರಡುವ ಜಾಗ ಕಾಣುವುದಿಲ್ಲ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಪಾಪೆ ಹಿಗ್ಗುವುದು ಕೆಲವು ಸೆಕೆಂಡುಗಳ ಕೆಲಸ; ರೆಟಿನಾದ ದಂಡಕೋಶಗಳಲ್ಲಿ ಬೆಳಕು ತಾಗಿ ಒಡೆದ ರೊಡಾಪ್ಸಿನ್ ಎಂಬ ಬಣ್ಣ ಮತ್ತೆ ಕಟ್ಟಿಕೊಳ್ಳುವುದಕ್ಕೆ ಉಳಿದ ಹೊತ್ತು ಹಿಡಿಯುತ್ತದೆ. ಬರಿಯ ಬಲ್ಬು ಒಮ್ಮೆ ಕಣ್ಣಿಗೆ ಬಿದ್ದರೆ ಆ ಲೆಕ್ಕ ಮೊದಲಿನಿಂದ ಆರಂಭ. ವಯಸ್ಸಾದ ಕಣ್ಣಿಗೆ ಇನ್ನೊಂದು ತೊಂದರೆ, ಮಸೂರದ ಒಳಗೇ ಬೆಳಕು ಚದರಿ ನೋಟಕ್ಕೆ ಹಾಲಿನ ಪರದೆ ಕಟ್ಟುತ್ತದೆ. ಅತ್ತೆಗೆ ಪೊರೆಯ ಆಪರೇಶನ್ ಆಗಿ ಆ ಪರದೆ ಹೋಗಿತ್ತು. ಆದರೆ ಹಳದಿಗಟ್ಟಿದ್ದ ಹಳೆಯ ಮಸೂರದ ಬದಲು ಹೊಸದು ಬಂದದ್ದರಿಂದ, ಆವರೆಗೆ ಸುಮ್ಮನೆ ಬಿಳಿಯಾಗಿದ್ದ ಫೋಕಸ್ ಲೈಟು ಅವರಿಗೆ ವೆಲ್ಡಿಂಗಿನ ಕಿಡಿಯಂತೆ ನೀಲಿಯಾಗಿ ಚುಚ್ಚತೊಡಗಿತ್ತು. ಹೊಸ ದೀಪ ಹಾಕಿದ ದಿನ ಅವರು ಅದರ ಬಗ್ಗೆ ಏನೂ ಹೇಳಲಿಲ್ಲ, ಸಂಜೆ ಜಪಕ್ಕೆ ಮತ್ತೆ ಜಗಲಿಯಲ್ಲಿ ಕುಳಿತರು.

ಪರೀಕ್ಷೆಗೆ ನಾನು ಆರಿಸಿದ್ದು 2025ರ ಜನವರಿ 29, ಅಮಾವಾಸ್ಯೆ. ಹಳೆಯ ಲೈಟನ್ನು ಬೇಕೆಂದೇ ಪೂರ್ತಿ ಬಿಚ್ಚಿಸದೆ ಅದರ ಸ್ವಿಚ್ಚನ್ನು ಉಳಿಸಿಕೊಂಡಿದ್ದೆ. ಎಂಟೂವರೆಯಿಂದ ಅರ್ಧ ಗಂಟೆ ಬಿಳಿ ಲೈಟು ಉರಿಸಿ ಅಂಗಳದ ಅಂಚಿನಲ್ಲಿ ಕುಳಿತೆ. ಆ ವರ್ಷ ಗುರು ರೋಹಿಣಿಯ ಪಕ್ಕದಲ್ಲೇ ಇದ್ದ, ಕುಜ ಪುನರ್ವಸುವಿನ ಬಳಿ ಕೆಂಡದಂತಿದ್ದ. ಇವರಿಬ್ಬರಿಗೂ ಲುಬ್ಧಕನಿಗೂ ನಮ್ಮ ಫೋಕಸ್ ಲೈಟಿನ ಪರಿವೆಯೇ ಇರಲಿಲ್ಲ. ಗ್ರಹಗಳನ್ನು ತೋರಿಸಿ "ಇಲ್ಲಿ ಆಕಾಶ ಚೆನ್ನಾಗಿದೆ" ಎನ್ನುವವರ ಮಾತನ್ನು ಅಂದಿನಿಂದ ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ. ಮೃಗಶಿರದ ಚೌಕಟ್ಟಿನಲ್ಲಿ ಎಣಿಸಿದಾಗ ಸಿಕ್ಕಿದ್ದು ಎಂಟು: ನಾಲ್ಕು ಮೂಲೆ, ನಡುವಿನ ಮೂರು, ಅದರ ಕೆಳಗೆ ಬೇಟೆಗಾರನ ಕತ್ತಿಯಲ್ಲಿ ಒಂದು. ಬಳಿಕ ಬಿಳಿಯನ್ನು ಆರಿಸಿ ಹಳದಿಯನ್ನು ಉರಿಸಿ, ಒಂದು ಚೊಂಬು ನೀರು ತಂದಿಟ್ಟುಕೊಂಡು, ಇಪ್ಪತ್ತೈದು ನಿಮಿಷ ಕಾದೆ. ಮೊದಲು ಕತ್ತಿಯ ಚುಕ್ಕೆಗಳು ಬಿಡಿಸಿಕೊಂಡವು. ಆಮೇಲೆ ಶಿರದಲ್ಲಿ ಒಂದು ಚುಕ್ಕೆ, ಕಣ್ಣನ್ನು ತುಸು ಓರೆ ಮಾಡಿದಾಗ ಅದರ ಅಡಿಯಲ್ಲಿ ಇನ್ನೆರಡು. ಪಶ್ಚಿಮಕ್ಕೆ ಬಿಲ್ಲಿನ ಹಾಗೆ ಬಾಗಿದ ಸಾಲಿನಲ್ಲಿ ನಾಲ್ಕು. ಒಟ್ಟು ಹತ್ತೊಂಬತ್ತು. ಕೊನೆಗೆ ಎಲ್ಲ ದೀಪಗಳನ್ನೂ ಆರಿಸಿ ಎಣಿಸಿದಾಗ ಇಪ್ಪತ್ತಾರು ದಾಟಿ ಲೆಕ್ಕ ತಪ್ಪಿತು. ಅತ್ತೆಯನ್ನು ಕರೆದು ತೋರಿಸಿದೆ. ಅವರು ಮೂರನ್ನೂ ಕಂಡರೋ ಒಂದನ್ನೇ ಕಂಡರೋ ತಿಳಿಯದು. ಇದೆ, ಅಲ್ಲೇ ಇದೆ ಎಂದರು.

ಈ ಲೆಕ್ಕದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ, ಮತ್ತು ಈ ದೀಪವನ್ನು ಹೊಗಳುವವರು ಇದನ್ನು ಮುಚ್ಚಿಡಬಾರದು. ಎಂಟನ್ನು ಹತ್ತೊಂಬತ್ತು ಮಾಡಿದ್ದು ಮುಖ್ಯವಾಗಿ ಟೊಪ್ಪಿ, ಅಂದರೆ ಕಣ್ಣಿಗೆ ನೇರ ಹೊಡೆಯುವ ಬೆಳಕು ಇಲ್ಲವಾದದ್ದು. ಅದು ನನ್ನ ಕೈಯಲ್ಲಿತ್ತು, 780 ರೂಪಾಯಿಯಲ್ಲಿ ಮುಗಿಯಿತು. ಆಕಾಶವೇ ಬೆಳಗುವುದು ಬೇರೆ ವಿಷಯ. ಅದು ಯಾರೊಬ್ಬರ ಅಂಗಳದ ಸೊತ್ತೂ ಅಲ್ಲ. ನಮ್ಮಲ್ಲಿ ಎಲ್ಲ ದೀಪ ಆರಿಸಿ ಕುಳಿತರೂ ವಾಯವ್ಯ ದಿಕ್ಕಿನಲ್ಲಿ, 50 ಕಿಲೊಮೀಟರ್ ದೂರದ ಮಂಗಳೂರಿನ ಕಡೆಗೆ, ಸೂರ್ಯ ಈಗಷ್ಟೇ ಮುಳುಗಿದನೋ ಎಂಬಂಥ ಮಬ್ಬು ಇಡೀ ರಾತ್ರಿ ನಿಂತಿರುತ್ತದೆ. ಪಡುವಲಿಗೆ ಕಾಸರಗೋಡು ಪೇಟೆ ಮತ್ತು ರಾಷ್ಟ್ರೀಯ ಹೆದ್ದಾರಿ 66ರ ಹೊಳಪು ತೆಂಗಿನ ತಲೆಗಳ ಹಿಂದೆ ಹರಡಿದೆ. ಉತ್ತರದಲ್ಲಿ ಹನ್ನೆರಡೂವರೆ ಡಿಗ್ರಿ ಎತ್ತರದಲ್ಲಿ ನಿಂತ ಧ್ರುವನನ್ನು ಮೊದಲು ಮಕ್ಕಳಿಗೆ ತೋರಿಸುವುದು ಸುಲಭವಿತ್ತು. ಈಗ ಅದು ಎಲ್ಲಿರಬೇಕೆಂದು ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ಟೊಪ್ಪಿಯಿಲ್ಲದ ದೀಪದಿಂದ ದಿಗಂತಕ್ಕೆ ಸಮಾನಾಂತರವಾಗಿ ಹೊರಡುವ ಬೆಳಕೇ ಇದರಲ್ಲಿ ಹೆಚ್ಚು ಹಾನಿ ಮಾಡುವುದು. ಅದು ಗಾಳಿಯೊಳಗೆ ಹೆಚ್ಚು ದೂರ ಸಾಗುವುದರಿಂದ ಚದರಲು ಹೆಚ್ಚು ಅವಕಾಶ ಸಿಗುತ್ತದೆ. ನೇರ ಮೇಲಕ್ಕೆ ಹೋದದ್ದು ಬೇಗನೆ ವಾತಾವರಣ ದಾಟಿ ಹೋಗುತ್ತದೆ.

ಈ ಹೊಳಪು ಎಷ್ಟು ವೇಗವಾಗಿ ಏರುತ್ತಿದೆಯೆಂಬುದು ಸಾಮಾನ್ಯ ಜನರ ಕಣ್ಣಿನಿಂದಲೇ ತಿಳಿದುಬಂದಿರುವುದು ನನ್ನಂಥವಳಿಗೆ ಸಂತೋಷದ ಸಂಗತಿ. ಒಂದು ನಕ್ಷತ್ರ ಚಿತ್ರದ ಬೇರೆ ಬೇರೆ ಮಟ್ಟದ ನಕ್ಷೆಗಳನ್ನು ಎದುರಿಗಿಟ್ಟುಕೊಂಡು, ತಮಗೆ ಕಾಣುವ ಆಕಾಶಕ್ಕೆ ಯಾವುದು ಹೊಂದುತ್ತದೆಯೆಂದು ಜನ ಗುರುತಿಸಿ ಕಳಿಸುವ ಗ್ಲೋಬ್ ಅಟ್ ನೈಟ್ ಎಂಬ ಕಾರ್ಯಕ್ರಮ 2006ರಿಂದ ನಡೆಯುತ್ತಿದೆ. 2011ರಿಂದ 2022ರವರೆಗೆ ಬಂದ 51,000ಕ್ಕೂ ಹೆಚ್ಚು ಇಂಥ ವರದಿಗಳನ್ನು ಕ್ರಿಸ್ಟೋಫರ್ ಕೈಬಾ ಮತ್ತು ಸಂಗಡಿಗರು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದಾಗ, ಆಕಾಶದ ಹೊಳಪು ವರ್ಷಕ್ಕೆ ಸರಾಸರಿ 9.6 ಶೇಕಡಾದಂತೆ ಏರಿದ್ದು ಕಂಡಿತು. ಈ ಲೆಕ್ಕದಲ್ಲಿ ಎಂಟು ವರ್ಷ ತುಂಬುವುದರೊಳಗೆ ಅದು ಇಮ್ಮಡಿಯಾಗುತ್ತದೆ; 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗುವಿಗೆ ಹದಿನೆಂಟು ತುಂಬುವಾಗ ಅಲ್ಲಿ ನೂರು ಉಳಿದಿರುತ್ತವೆ. ಆ ವರದಿಗಳು ಹೆಚ್ಚಾಗಿ ಯುರೋಪ್ ಮತ್ತು ಅಮೆರಿಕದವು ಎಂಬುದನ್ನು ಮರೆಯದೆ ಹೇಳಬೇಕು. ಉಪಗ್ರಹದ ಅಳತೆಗಳಲ್ಲಿ ಏರಿಕೆ ಇಷ್ಟು ಕಾಣದಿರುವುದಕ್ಕೆ ಒಂದು ಕಾರಣವೆಂದರೆ, ರಾತ್ರಿ ಬೆಳಕನ್ನು ಅಳೆಯುವ ಮುಖ್ಯ ಉಪಗ್ರಹ ಉಪಕರಣಕ್ಕೆ 500 ನ್ಯಾನೊಮೀಟರಿಗಿಂತ ಕೆಳಗಿನ ನೀಲಿ ಕಾಣುವುದೇ ಇಲ್ಲ. ಪ್ರಪಂಚ ಹಳದಿ ಸೋಡಿಯಂ ದೀಪಗಳನ್ನು ಇಳಿಸಿ ಬಿಳಿ ಎಲ್‌ಇಡಿ ಏರಿಸಿದ ವರ್ಷಗಳಲ್ಲಿಯೇ ಅದು ನೀಲಿಗೆ ಕುರುಡಾಗಿತ್ತು.

ನಮ್ಮಲ್ಲೂ ಆ ಬದಲಾವಣೆ ಬಂದದ್ದು ಒಳ್ಳೆಯ ಉದ್ದೇಶದಿಂದಲೇ. 2015ರಲ್ಲಿ ಕೇಂದ್ರ ಸರಕಾರದ ಉಜಾಲಾ ಯೋಜನೆಯಿಂದ ಅಗ್ಗದ ಎಲ್‌ಇಡಿ ಬಲ್ಬುಗಳು ಮನೆ ಸೇರಿದವು. ಆಮೇಲೆ ಕೇರಳದ ಸ್ಥಳೀಯಾಡಳಿತಗಳ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ಯೋಜನೆ ಬಂತು. ಅದಕ್ಕೆ ಇಟ್ಟ ಹೆಸರು ನಿಲಾವ್, ಅಂದರೆ ಬೆಳದಿಂಗಳು. ವಿದ್ಯುತ್ತಿನ ಉಳಿತಾಯ ನಿಜ. ಆದರೆ ಬೆಳಕು ಅಗ್ಗವಾದೊಡನೆ ಒಂದು ಇದ್ದಲ್ಲಿ ಮೂರು ಹಾಕುವುದು ಮನುಷ್ಯಸ್ವಭಾವ, ಮತ್ತು ನಮ್ಮ ಮನೆಯೂ ಅದಕ್ಕೆ ಹೊರತಾಗಿರಲಿಲ್ಲ. ಮದುವೆ ಹಾಲ್‌ಗಳ ಅಂಗಳದಲ್ಲಿ ನಿಂತರೆ ಇದು ಚೆನ್ನಾಗಿ ತಿಳಿಯುತ್ತದೆ. ಹಗಲು ಮದುವೆಯಲ್ಲಿ ಪುರೋಹಿತರು ಬರಿಯ ಆಕಾಶಕ್ಕೆ ಕೈ ತೋರಿಸಿ ಅರುಂಧತಿ ಎಂದಾಗ ವಧೂವರರು ಕಂಡೆವೆಂದು ತಲೆಯಾಡಿಸುವುದು ಮೊದಲಿನಿಂದಲೂ ಇದ್ದದ್ದೇ. ಸಪ್ತರ್ಷಿಗಳಲ್ಲಿ ವಸಿಷ್ಠನ ಕಾಂತಿಮಾನ 2.2, ಅವನಿಗೆ ಆತುಕೊಂಡ ಅರುಂಧತಿಯದು 4. ಇಬ್ಬರ ನಡುವಿನ ಅಂತರ ಚಂದ್ರಬಿಂಬದ ಅರ್ಧಕ್ಕೂ ಕಡಿಮೆ. ಹಾಲ್‌ನ ಗೇಟಿನ ಬಿಳಿ ಲೈಟುಗಳ ಅಡಿಯಲ್ಲಿ ರಾತ್ರಿ ಹತ್ತಕ್ಕೆ ತೋರಿಸಿದರೂ ವಸಿಷ್ಠ ಒಬ್ಬನೇ ಸಿಗುತ್ತಾನೆ. ನಮ್ಮ ಅಂಗಳದಲ್ಲಿ ಏಪ್ರಿಲ್ ರಾತ್ರಿ, ಹಳದಿ ದೀಪ ಉರಿಯುತ್ತಿದ್ದಾಗಲೇ, ಇಬ್ಬರೂ ಬೇರೆ ಬೇರೆಯಾಗಿ ಕಂಡರು.

ತೆಂಕು ಮತ್ತು ಮೂಡು ದಿಕ್ಕುಗಳು ನಮ್ಮಲ್ಲಿ ಇನ್ನೂ ಉಳಿದುಕೊಂಡಿವೆ, ಮತ್ತು ಈ ದೀಪದ ಪ್ರಯೋಜನ ಪೂರ್ತಿ ಸಿಗುವುದು ಅಲ್ಲಿಯೇ. ಜನವರಿಯ ರಾತ್ರಿ ಅಗಸ್ತ್ಯ ತೆಂಕಣ ದಿಗಂತದಿಂದ ಇಪ್ಪತ್ತೈದು ಡಿಗ್ರಿ ಎತ್ತರಕ್ಕೆ ಬರುತ್ತದೆ. ಮೇ ಮೊದಲ ವಾರ, ರಾತ್ರಿ ಹತ್ತರ ಹೊತ್ತಿಗೆ, ಮೋಡ ಕಟ್ಟುವ ಮೊದಲು, ತ್ರಿಶಂಕುವಿನ ನಾಲ್ಕೂ ನಕ್ಷತ್ರಗಳು ಅಡಿಕೆ ಮರಗಳ ತುದಿಯಲ್ಲಿ ನೆಟ್ಟಗೆ ನಿಲ್ಲುತ್ತವೆ. ಉತ್ತರ ಭಾರತದವರಿಗೆ ದುರ್ಲಭವಾದ ಈ ದಕ್ಷಿಣದ ಆಕಾಶಕ್ಕಾಗಿಯೇ ವೇಣು ಬಾಪು ವೀಕ್ಷಣಾಲಯವನ್ನು ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಕಟ್ಟಿದ್ದು. ಅದರ ಅಕ್ಷಾಂಶವೂ ಹನ್ನೆರಡೂವರೆ ಡಿಗ್ರಿ, ನಮ್ಮದೇ ಗೆರೆ. 1986ರಿಂದ ಅಲ್ಲಿ 2.34 ಮೀಟರಿನ ದೂರದರ್ಶಕ ಕೆಲಸ ಮಾಡುತ್ತಿದೆ. ನಮ್ಮ ಅಂಗಳಕ್ಕೆ ಅಷ್ಟು ಎತ್ತರವೂ ಇಲ್ಲ, ಕಡಲ ತೇವವೂ ಹೆಚ್ಚು. ಆದರೂ ಅವರು ನೋಡುವ ಆಕಾಶದ ಪಟ್ಟಿಯೇ ನಮ್ಮ ತಲೆಯ ಮೇಲೂ ಹಾಯುವುದೆಂಬುದನ್ನು ಮಕ್ಕಳಿಗೆ ಹೇಳಿದಾಗ ಅವರ ಮುಖ ಅರಳುವುದನ್ನು ಕಂಡಿದ್ದೇನೆ. ಕತ್ತಲನ್ನು ಕಾಯಲು ದೇಶದಲ್ಲಿ ಜಾಗಗಳನ್ನು ಗುರುತಿಸತೊಡಗಿರುವುದೂ ಈಚೆಗೆ: ಲಡಾಖಿನ ಹಾನ್ಲೆ 2022ರಲ್ಲಿ, ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು 2024ರಲ್ಲಿ.

ಇನ್ನು ದೀಪದ ದೋಷಗಳು. ಇದಕ್ಕೆ ಮೂರು ಬಗೆಯಲ್ಲಿ ಉರಿಯುವ ಸ್ವಿಚ್ಚಿದೆ: ಇಡೀ ರಾತ್ರಿ ಒಂದೇ ಸಮನೆ, ಮಂದವಾಗಿ ಉರಿದು ಯಾರಾದರೂ ಬಂದಾಗ ಜೋರಾಗಿ, ಯಾರಾದರೂ ಬಂದಾಗ ಮಾತ್ರ. ಮೂರನೆಯದು ಕಾಗದದ ಮೇಲೆ ಸೊಗಸಾಗಿದೆ. ಮೈಯ ಬಿಸಿಯ ಅಲುಗಾಟವನ್ನು ಹಿಡಿಯುವ ಅದರ ಸೆನ್ಸರಿಗೆ ಮನುಷ್ಯ, ನಾಯಿ, ಬೆಕ್ಕು ಎಲ್ಲರೂ ಒಂದೇ. ಇಪ್ಪತ್ತು ನಿಮಿಷ ಕಾದು ಕಣ್ಣು ಕತ್ತಲಿಗೆ ಒಗ್ಗಿದ ಹೊತ್ತಿಗೆ ನೆರೆಮನೆಯ ನಾಯಿ ಅಂಗಳ ದಾಟಿ ದೀಪ ಭಗ್ಗನೆ ಹೊತ್ತಿಸಿದ್ದು ಒಂದೆರಡು ಸಲವಲ್ಲ. ಸೆನ್ಸರಿನ ಗಾಜಿನ ಮೇಲೆಯೇ ಹಲ್ಲಿಯೊಂದು ಬೀಡುಬಿಟ್ಟ ವಾರದಲ್ಲಂತೂ ಅಂಗಳ ಯಕ್ಷಗಾನದ ರಂಗಸ್ಥಳದಂತೆ ಬೆಳಗುತ್ತಲೂ ಆರುತ್ತಲೂ ಇತ್ತು. ಎರಡನೆಯ ಬಗೆಯಲ್ಲಿ ಇಟ್ಟು, ನಕ್ಷತ್ರ ನೋಡುವಾಗ ಆರಿಸಲು ಚಾವಡಿಯೊಳಗೆ ಬೇರೆ ಸ್ವಿಚ್ಚು ಹಾಕಿಸಿಕೊಳ್ಳುವುದು ಉತ್ತಮ.

ಮಳೆಗಾಲದ ದೂರು ಇದಕ್ಕಿಂತ ಗಂಭೀರವಾದುದು. ಡಬ್ಬದ ಮೇಲೆ ಐಪಿ 65 ಎಂದಿದೆ, ಅಂದರೆ ಧೂಳು ಹೋಗಬಾರದು, ನೀರಿನ ಚಿಮ್ಮುವಿಕೆಯನ್ನೂ ತಡೆಯಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮಲ್ಲಿ ಜುಲೈ ಹೊತ್ತಿಗೆ ವಯರು ಒಳಹೋಗುವ ತೂತಿನಿಂದ ನೀರು ಇಳಿದು ದೀಪ ಮಿಣುಕತೊಡಗಿತು. ಬಿಚ್ಚಿ ನೋಡಿದರೆ ಒಳಗೆ ಅರ್ಧ ಚಮಚ ನೀರು ಮತ್ತು ಇರುವೆಗಳ ಒಂದು ಸಂಸಾರ. ಅಂಗಡಿಯವರು ತಕರಾರಿಲ್ಲದೆ ಬೇರೆ ಕೊಟ್ಟರು. ಎರಡನೆಯದನ್ನು ಹಾಕುವಾಗ ವಯರನ್ನು ಕೆಳಗಿನಿಂದ ಮೇಲಕ್ಕೆ ಬಾಗಿಸಿ ತಂದು ತೂತಿಗೆ ಸಿಲಿಕೋನ್ ಮೆತ್ತಿಸಿದೆ, ಆಮೇಲೆ ತೊಂದರೆಯಾಗಿಲ್ಲ. ಇದನ್ನು ತಯಾರಿಸಿದವರೇ ಮಾಡಿ ಕೊಡಬೇಕಿತ್ತು. ಮೊದಲ ಮಳೆಯ ಸಂಜೆ ಬಿಳಿ ಲೈಟಿನ ಅಡಿಯಲ್ಲಿ ರೆಕ್ಕೆಯ ಗೆದ್ದಲು ಮೊರದಲ್ಲಿ ಬಾಚುವಷ್ಟು ಬೀಳುತ್ತಿದ್ದವು. ಹೆಚ್ಚಿನ ಕೀಟಗಳನ್ನು ಸೆಳೆಯುವುದು ನೀಲಿ ಮತ್ತು ಅದರಾಚೆಯ ಬೆಳಕು. ಈ ವರ್ಷ ಹಳದಿಯ ಕೆಳಗೆ ಒಂದು ಹಿಡಿ ಬಿದ್ದವು ಅಷ್ಟೆ. ತೋಟದ ಅಂಚಿನಲ್ಲಿ ಮಿಂಚುಹುಳಗಳೂ ಮರಳಿ ಕಾಣಿಸಿದವು. ಮೊದಲೂ ಅವು ಅಲ್ಲೇ ಇದ್ದು ನಮಗೆ ಕಾಣುತ್ತಿರಲಿಲ್ಲವೋ ಏನೋ.

ಹಂದಿ ಮತ್ತು ಕಳ್ಳರ ವಿಷಯವನ್ನು ಎಲ್ಲರೂ ಕೇಳುತ್ತಾರೆ. ಹಂದಿಗಳು ಬಿಳಿ ಲೈಟಿಗೂ ಎರಡೇ ತಿಂಗಳಲ್ಲಿ ಹೊಂದಿಕೊಂಡಿದ್ದವು. ಅವುಗಳನ್ನು ತಡೆದದ್ದು ತಂತಿಬೇಲಿ. ಕಳ್ಳರ ಬಗ್ಗೆ ಹೇಳುವುದಾದರೆ, ಹಳೆಯ ಲೈಟು ಉರಿಯುತ್ತಿದ್ದಾಗ ಅದರ ಹಿಂದಿನ ಹಟ್ಟಿಯ ಮೂಲೆಯಲ್ಲಿ ಯಾರು ನಿಂತಿದ್ದರೂ ಕಾಣುತ್ತಿರಲಿಲ್ಲ, ಅಲ್ಲಿ ನೆರಳು ಅಷ್ಟು ಗಾಢವಾಗಿತ್ತು. ಹೊಸ ದೀಪದ 600 ಲುಮೆನ್‌ಗಳಲ್ಲಿ ಬಹುಪಾಲು ನೆಲಕ್ಕೇ ಬೀಳುವುದರಿಂದ ಅಡಿಕೆ ಹರಡಿದ ಟರ್ಪಾಲು ಚೆನ್ನಾಗಿ ಕಾಣುತ್ತದೆ, ಮೂಲೆಯಲ್ಲಿ ನಿಂತವರ ಮುಖವೂ ಗುರುತಾಗುತ್ತದೆ. ಯಜಮಾನರು ಮೊದಲ ವಾರ ದಿನವೂ ಮಧ್ಯರಾತ್ರಿ ಎದ್ದು ಟಾರ್ಚ್ ಹಿಡಿದು ಅಂಗಳ ಸುತ್ತಿ ಬರುತ್ತಿದ್ದರು, ಈಗ ಏಳುವುದಿಲ್ಲ. ಕರೆಂಟಿನ ಲೆಕ್ಕ ಹೀಗಿದೆ: ರಾತ್ರಿಗೆ ಹನ್ನೊಂದು ಗಂಟೆ ಉರಿದರೆ ಹಳೆಯದಕ್ಕೆ ಎರಡು ತಿಂಗಳ ಬಿಲ್ಲಿನಲ್ಲಿ 33 ಯೂನಿಟ್, ಹೊಸದಕ್ಕೆ ಐದಕ್ಕಿಂತ ಕಡಿಮೆ.

ಕೊಳ್ಳುವವರು 3000 ಕೆಲ್ವಿನ್ ಮೀರದ್ದನ್ನು ಕೇಳಿ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ವಾರ್ಮ್ ವೈಟ್ ಎಂದರೆ ತಿಳಿಯುತ್ತದೆ. ದೀಪವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಬದಿಯಿಂದ ನೋಡಿದಾಗ ಎಲ್‌ಇಡಿ ಚುಕ್ಕೆಗಳು ಕಂಡರೆ ಅದರ ಟೊಪ್ಪಿ ಬರಿಯ ಅಲಂಕಾರ, ಅಂಥದ್ದು ಬೇಡ. 9 ವ್ಯಾಟಿಗಿಂತ ದೊಡ್ಡದು ಮನೆಯಂಗಳಕ್ಕೆ ಬೇಕಾಗುವುದಿಲ್ಲ. ಈಗಾಗಲೇ ಫೋಕಸ್ ಲೈಟು ಇರುವವರು ಹೊಸತನ್ನು ಕೊಳ್ಳದೆಯೂ ಒಂದು ಕೆಲಸ ಮಾಡಬಹುದು: ಸ್ಕ್ರೂ ಸಡಿಲಿಸಿ ಅದರ ಮುಖವನ್ನು ನೇರ ನೆಲಕ್ಕೆ ತಿರುಗಿಸಿ ಮತ್ತೆ ಬಿಗಿಯುವುದು. ಆಚೆ ಗುಡ್ಡೆಯ ಬಾವನ ಮನೆಯಲ್ಲಿ ಹೀಗೆ ಮಾಡಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅವರು ಒಪ್ಪಿದ್ದು ನಕ್ಷತ್ರಗಳಿಗಾಗಿ ಅಲ್ಲ, ಅವರ ಲೈಟು ನಮ್ಮ ಜಗಲಿಯಲ್ಲಿ ಅತ್ತೆಯ ಕಣ್ಣಿಗೆ ಹೊಡೆಯುತ್ತದೆಂದು ತಿಳಿದ ಮೇಲೆ.

ಮೊನ್ನೆ ಜನವರಿ 18ರ ಅಮಾವಾಸ್ಯೆಗೆ ಮತ್ತೆ ಎಣಿಸಿದೆ. ಗುರು ಈ ಸಲ ಮಿಥುನಕ್ಕೆ ಸರಿದಿದ್ದಾನೆ. ಬಾವನ ಮನೆಯ ಲೈಟು ನೆಲ ನೋಡುತ್ತಿತ್ತು, ನಮ್ಮ ಹಳದಿ ಉರಿಯುತ್ತಿತ್ತು, ಮೃಗಶಿರದಲ್ಲಿ ಇಪ್ಪತ್ತೊಂದು ಸಿಕ್ಕವು. ವಾಯವ್ಯದ ಮಬ್ಬು ಕಳೆದ ವರ್ಷ ಇದ್ದಲ್ಲಿಗಿಂತ ಒಂದು ಗೇಣು ಮೇಲೆ ಬಂದಂತೆ ಕಂಡಿತು. ತೇವವೂ ಇತ್ತು, ನಿಶ್ಚಯವಾಗಿ ಹೇಳಲಾರೆ. ಹಳೆಯ ಫೋಕಸ್ ಲೈಟನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೇವೆ, ಅಡಿಕೆ ಸುಲಿಯುವವರು ರಾತ್ರಿ ಕುಳಿತಾಗ ಮಾತ್ರ ಇಳಿಯುತ್ತದೆ. ಹಟ್ಟಿಯ ಹಿಂದಕ್ಕೆ ಇದೇ ದೀಪದ ಇನ್ನೊಂದನ್ನು ಹೇಳಿಟ್ಟಿದ್ದೇನೆ, ಈ ಸಲ ಸೆನ್ಸರ್ ಇಲ್ಲದ್ದು.